ಗೋಡೆಯ ಹಲ್ಲು

"ಹಲ್ಲುಬ್ಯಾನಿಗಿ ಯಾರರ ಸಾಯ್ತಾರೇನೋ ಅಂಬರಾಯಾ?"

ಶಿವಕಾಂತಮ್ಮನ ಬೆರಳಲ್ಲಿ ಪೂಜೆಯ ವಿಭೂತಿ ಹಾಗೇ ಇತ್ತು. ತೆಂಗಳಿಯಿಂದ ಗಾಡಿ ಹೊಡೆದುಕೊಂಡು ಚಿತ್ತಾಪುರಕ್ಕೆ ಬಂದಿದ್ದ ಮಗಳ ಮನೆಯ ಆಳು ಅಂಬರಾಯ ತಲೆ ಎತ್ತಲಿಲ್ಲ.

"ಹಲ್ಲಿನ ಹುಳ ತಲಿಗಿ ಏರ್ತಂತ್ರಿ ಅವ್ವಾ. ಮಾರಿ ಬಾತು, ಜ್ವರ ಬಂದು... ನಸಿಕಿನ್ಯಾಗ ವಿಮಲಕ್ಕ ಹೋದಳ್ರಿ."

ರಜಾಕಾರರ ಗಲಾಟೆಯಲ್ಲಿ ಕೂಸಿನ ಬಾಯಿ ಮುಚ್ಚಿ ಹಿಡಿದು, ಜೋಳದ ಹೊಲದಲ್ಲಿ ಅಡಗಿ ಜೀವ ಉಳಿಸಿಕೊಂಡು ಬಂದ ಮಗಳು ವಿಮಲಾಬಾಯಿ. ಅಂಥವಳನ್ನು ಈಗ ಒಂದು ಹಲ್ಲು ಒಯ್ದಿತ್ತು.

ತೆಂಗಳಿಯಲ್ಲಿ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಬಲಗೆನ್ನೆ ಕಪ್ಪಾಗಿ, ಕಣ್ಣು ಬಾವಿನೊಳಗೆ ಹೂತುಹೋಗಿತ್ತು. ಪಕ್ಕದಲ್ಲಿ ಅವಳ ಗಂಡ ರೇವಣಪ್ಪ. ಅವನು ಶಿವಕಾಂತಮ್ಮನ ಒಡಹುಟ್ಟಿದ ತಮ್ಮನೂ ಹೌದು.

"ಶಹಾಬಾದ ದವಾಖಾನಿಗಿ ಒಯ್ದಿದ್ದೆ ಅಕ್ಕಾ. ಡಾಕ್ಟರ್ ಕೀಳಬೇಕಂದ. ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವಂತ ಎಲ್ಲರೂ ಅಂದ್ರು. ಹೊಳ್ಳಿ ಕರಕೊಂಡು ಬಂದೆ. ನಮ್ಮೂರ ಚಂದ್ರಾಮ ಹೊಗಿ ಹಾಕಿ ಎರಡು ಸಲ ಹಲ್ಲಿನ ಹುಳ ತೆಗದ."

ಶಿವಕಾಂತಮ್ಮ ಮಗಳ ಹಣೆಗೆ ವಿಭೂತಿ ಹಚ್ಚಿದಳು. ಸಂಜೆ ಹೊಲದ ಬದುವಿನಲ್ಲಿ ಮಣ್ಣು ಕೊಟ್ಟರು.

ಮಾತಾಡಿಸಲು ಬಂದವರೆಲ್ಲ "ಶಿವನ ಇಚ್ಛಾ" ಎಂದರು. ತಮ್ಮ ತಪ್ಪಿಗೆ ಶಿವನನ್ನು ಮುಂದೆ ಮಾಡುವ ಆ ಮಾತಿಗೆ ಶಿವಕಾಂತಮ್ಮನ ಮೈ ಉರಿಯುತ್ತಿತ್ತು.

ಮೂರನೆಯ ದಿನ ವಿಮಲಾಳ ಮಗಳು ಗುರುಬಾಯಿ ಕೆನ್ನೆ ಹಿಡಿದು ಅಳುತ್ತ ಬಂದಳು. ಅವಳದೂ ಬಲಗಡೆಯ ಮೇಲಿನ ಹಲ್ಲು. ಕೆನ್ನೆ ಆಗಲೇ ಬಿಗಿದಿತ್ತು. ಯಾರೋ ಚಂದ್ರಾಮನಿಗೆ ಹೇಳಿ ಕಳಿಸಿದರು. ಅವನು ಬಂದವನೇ ನೀರಿನ ತಾಟಿನ ನಡುವೆ ಕಲ್ಲಿಟ್ಟು, ಅದರ ಮೇಲೆ ಕೆಂಪಗೆ ಕಾಯ್ದ ಕಬ್ಬಿಣವಿಟ್ಟ. ಎಣ್ಣೆ ಕಲಸಿದ ಕಾಡುಬದನೆ ಬೀಜ ಉದುರಿಸಿ, ತೂತಿನ ಗಡಿಗೆ ಬೋರಲು ಹಾಕಿದ. ತೂತಿಗೆ ಬಿದಿರಿನ ಕೊಳವೆ ಸಿಕ್ಕಿಸಿದ.

"ಬಾಯಿ ಹಚ್ಚವ್ವ. ಹುಳ ಪಟಪಟ ಉದುರ್ತಾವ ನೋಡು."

"ತಡಿ. ವಿಮಲಾನ ಬಾಯಾಗಿಂದ ಎಷ್ಟು ತೆಗದಿದ್ದಿ?" ಶಿವಕಾಂತಮ್ಮ ಕೇಳಿದಳು.

"ಭಾಳ ಇದ್ದವ್ರಿ ಅವ್ವಾ. ಒಂದು ಬೊಗಸಿ."

"ಅಷ್ಟು ತೆಗದ ಮ್ಯಾಲೂ ಸತ್ತಳ್ಯಾಕ?"

"ಒಂದು ಒಳಗ ಉಳದಿತ್ತು ಕಾಣ್ತದ್ರಿ."

ಶಿವಕಾಂತಮ್ಮ ಎದ್ದು ಬಂದು, ಮೊಮ್ಮಗಳ ಬಾಯಿಯ ಮುಂದಿದ್ದ ಕೊಳವೆಯನ್ನು ಗೋಡೆಯ ಕಡೆ ತಿರುಗಿಸಿ ಒತ್ತಿ ಹಿಡಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಗಡಿಗೆಯೊಳಗೆ ಬೀಜ ಸಿಡಿಯುವುದು ನಿಂತಿತು. ಗಡಿಗೆ ಎತ್ತಿದಳು.

ತಾಟಿನ ನೀರಿನಲ್ಲಿ ಸಣ್ಣ ಬಿಳಿ ಹುಳಗಳು ತೇಲುತ್ತಿದ್ದವು. ಒಂದನ್ನು ಉಗುರಿನ ಮೇಲೆ ತೆಗೆದು ಹಿಂಡಿದಳು. ಸಿಡಿದ ಬೀಜದ ಒಳತಿರುಳು.

"ಗೋಡಿಗೂ ಹಲ್ಲುಬ್ಯಾನಿ ಬಂದಾದೇನೋ ಚಂದ್ರಾಮಾ? ಯಾವ ಹಲ್ಲಂತ? ಮ್ಯಾಲಿಂದೋ, ಕೆಳಗಿಂದೋ?"



"ನಮ್ಮಪ್ಪ ಕಲಿಸಿದ್ದು ಮಾಡೀನ್ರಿ ಅವ್ವಾ. ನನಗೇನು ಗೊತ್ತು," ಎಂದ ಚಂದ್ರಾಮ.

"ಗಾಡಿ ಹೂಡೋ ರೇವಣ್ಯಾ. ಶಹಾಬಾದಿಗಿ."

"ಅಕ್ಕಾ... ಹೆಣ್ಣುಕೂಸು. ಕಣ್ಣು ಹೋದ್ರ ಯಾರು ಮಾಡ್ಕೋತಾರ?"

"ಹಲ್ಲು ಕೀಳಲಿಲ್ಲಲ್ಲೋ, ನಿನ್ನ ಹೇಣ್ತಿ ಕಣ್ಣು ಉಳದವೇನು?" ಅವಳ ದನಿ ಅಂಗಳ ದಾಟಿ ಓಣಿಗೆ ಕೇಳಿಸಿತು. "ಒಂದು ಕೂಸಿನ್ನ ಊರ ಮಾತಿಗಿ ಕೊಟ್ಟೀನಿ. ಇನ್ನೊಂದು ಕೊಡಂಗಿಲ್ಲ. ಹೂಡ್ತಿಯೋ, ನಾನೇ ಹೂಡ್ಲೋ?"

ರೇವಣಪ್ಪ ಕೊಟ್ಟಿಗೆಯ ಕಡೆ ನಡೆದ.

ಮರುದಿನ ಶಹಾಬಾದಿನಿಂದ ಹಿಂದಿರುಗುವಾಗ ಗಾಡಿಯನ್ನು ಹೊಲದ ಬದುವಿನಲ್ಲೇ ನಿಲ್ಲಿಸಿದರು. ಗುರುಬಾಯಿಯ ಬಾಯಲ್ಲಿ, ಹಲ್ಲು ಕಿತ್ತ ಜಾಗದಲ್ಲಿ ಅರಳೆ ಇತ್ತು. ರೇವಣಪ್ಪ ಅಂಗೈಯಿಂದ ಮಗಳ ಎಡಗಣ್ಣು ಮುಚ್ಚಿದ.

"ಆ ಹುಣಸಿ ಗಿಡದಾಗ ಏನು ಕಾಣ್ತದವ್ವ?"

ಗುರುಬಾಯಿ ತೊದಲಿದಳು. "ಗಿಣಿ. ಎರಡವ."

ರೇವಣಪ್ಪ ಹೆಂಡತಿಯ ಸಮಾಧಿಯ ಹಸಿಮಣ್ಣಿನ ಪಕ್ಕ ಕುಸಿದು ಕುಳಿತ. ಶಿವಕಾಂತಮ್ಮ ಅವನನ್ನು ಎಬ್ಬಿಸಲಿಲ್ಲ. ಮಣ್ಣಿನ ಮೇಲೆ ವಿಭೂತಿ ಇಟ್ಟು, ಮೊಮ್ಮಗಳ ಕೈಗಳನ್ನು ಜೋಡಿಸಿದಳು.

"ಶಿವನೇ, ನನ್ನ ವಿಮಲಾ ಭಾಳ ದಿನ ನಿದ್ದಿ ಮಾಡಿಲ್ಲೋ. ನಿನ್ನ ತೊಡಿ ಮ್ಯಾಲ ಮಲಗಿಸಿಕೊ. ನೋಯೋ ಕಡಿ ಕೆಳಗ ಮಾಡಬ್ಯಾಡಪ್ಪ."