ಹದಿನಾಲ್ಕು ದಿನದ ಔಷಧಿ

"ಇದು ಆವತ್ತಿನದು, ಇದು ಇವತ್ತಿನದು," ಎಂದು ಡಾಕ್ಟರಮ್ಮ ಎರಡೂ ಫಿಲ್ಮುಗಳನ್ನು ದೀಪದ ಹಲಗೆಗೆ ಸಿಕ್ಕಿಸಿದರು. ತಮ್ಮನ ಮಿದುಳಿನಲ್ಲಿ ಕೋಟಿನ ಗುಂಡಿಯಷ್ಟಗಲ ಇದ್ದ ಮೂರು ಬಿಳಿ ಉಂಗುರಗಳು ಈಗ ಅಂಗಿಯ ಗುಂಡಿಯಷ್ಟಾಗಿದ್ದವು. ಅಕ್ಕ ಬಟ್ಟೆ ಹೊಲಿಯುವವಳು, ಅಳತೆಯಲ್ಲಿ ಅವಳ ಕಣ್ಣು ತಪ್ಪುವುದಿಲ್ಲ. ಹೋದ ಜೀವ ಬಂದಂತಾಯಿತು.

ಏಡ್ಸ್ ಇದ್ದವರ ಮಿದುಳಲ್ಲಿ ಇಂಥ ಉಂಗುರ ಕಂಡರೆ ಅದು ವಾಸಿಯಾಗುವ ಸೋಂಕೋ, ಜೀವ ತೆಗೆಯುವ ಗೆಡ್ಡೆಯೋ ಎಂದು ಸುಲಭಕ್ಕೆ ಗೊತ್ತಾಗುವುದಿಲ್ಲ. ತಲೆಬುರುಡೆ ಕೊರೆಯುವ ಮೊದಲು ಎರಡು ವಾರ ಸೋಂಕಿನ ಔಷಧಿ ಕೊಟ್ಟು ನೋಡುತ್ತಾರೆ. ಕುಗ್ಗಿದರೆ ಸೋಂಕು, ಕುಗ್ಗದಿದ್ದರೆ ಇನ್ನೊಂದು. ಅಕ್ಕ ಇದನ್ನು ಗಿಣಿಪಾಠ ಮಾಡಿಕೊಂಡಿದ್ದಳು.

ಹೊರಗೆ ಸಾಲಿನಲ್ಲಿದ್ದವರನ್ನು ತಮ್ಮ "ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ" ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ. ಬಸ್ ಕಂಡಕ್ಟರನ ಬಾಯಿ, ಸುಮ್ಮನಿರುತ್ತದೆಯೇ? ಆ ದನಿ ಕೇಳಿ ಎಷ್ಟು ದಿನವಾಗಿತ್ತು!

"ಬೇರೆ ಯಾವ ಮಾತ್ರೆನೂ ಕೊಟ್ಟಿಲ್ಲ ತಾನೆ?" ಡಾಕ್ಟರಮ್ಮ ಬರೆಯುತ್ತಲೇ ಕೇಳಿದರು.

"ಇಲ್ಲ ಮೇಡಂ. ತಲೆನೋವಿಂದು ಮಾತ್ರ. ಹಳೇ ಡಾಕ್ಟ್ರು ಬರ್ಕೊಟ್ಟಿದ್ದು."

ಚೀಟಿ ತೋರಿಸಿದಳು. ಡಾಕ್ಟರಮ್ಮನ ಪೆನ್ನು ನಿಂತಿತು.

"ಅದನ್ನ ನಿಲ್ಸಿ ಅಂದಿದ್ದೆನಲ್ಲಮ್ಮ."

"ಅವನು ನಿಲ್ಸಿದ್ದ. ಗೋಡೆಗೆ ತಲೆ ಚಚ್ಕೊಳ್ತಿದ್ದ, ನನ್ನ ಕೈಲಿ ನೋಡೋಕಾಗ್ಲಿಲ್ಲ. ಪುಡಿ ಮಾಡಿ ಹಾಲಲ್ಲಿ ಹಾಕ್ಕೊಟ್ಟೆ. ಅವನಿಗೆ ಗೊತ್ತಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಾಕ್ಟರಮ್ಮ ಬೈಯಲಿಲ್ಲ.

"ಇದು ಬಾವು ಇಳ್ಸೋ ಮಾತ್ರೆ. ಸೋಂಕಿನ ಬಾವೂ ಇಳಿಯುತ್ತೆ, ಗೆಡ್ಡೆನೂ ಸ್ವಲ್ಪ ದಿನ ಕುಗ್ಗುತ್ತೆ. ಇದು ಯಾವುದು ಅಂತ ಈಗ ಹೇಳೋಕಾಗಲ್ಲ. ದಿನಾ ಸ್ವಲ್ಪ ಕಮ್ಮಿ ಮಾಡ್ತಾ ನಿಲ್ಸಿ. ನೋವು ಬರ್ದಿದ್ರೆ ಒಳ್ಳೇದು."

"ಬಂದ್ರೆ?"

"ಬಂದ್ರೆ ತಡ ಮಾಡ್ದೆ ಕರ್ಕೊಂಡು ಬನ್ನಿ. ತಲೆಯಿಂದ ಚೂರು ತೆಗೆದು ನೋಡ್ಬೇಕಾಗುತ್ತೆ."

"ಅಂದ್ರೆ, ಗೆಡ್ಡೇನಾ?"

"ಹೆಚ್ಚಾಗಿ," ಎಂದರು, ಫಿಲ್ಮು ತೆಗೆಯುತ್ತಾ.

ಹೊರಗೆ ಬಂದಾಗ ತಮ್ಮ ಎದ್ದು ನಿಂತ. "ಏನಂತಕ್ಕ? ಪಾಸಾ, ಫೇಲಾ?"

"ಕಮ್ಮಿ ಆಗಿದೆ ಕಣೋ," ಎಂದಳು. ಸುಳ್ಳಲ್ಲ. ಆದರೂ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

ಮಾತ್ರೆ ಅರ್ಧಕ್ಕೆ ಬಂತು, ಕಾಲುಭಾಗಕ್ಕೆ ಬಂತು, ನಿಂತಿತು. ತಮ್ಮ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದ, ಸಮವಸ್ತ್ರ ಸಡಿಲವಾಗಿದೆ, ಹಿಡಿದು ಹೊಲಿದುಕೊಡು ಎಂದು ಅವಳ ಬೆನ್ನು ಬಿದ್ದಿದ್ದ. ಅವನು ಕೆಮ್ಮಿದರೂ ಅವಳು ಹೊಲಿಗೆ ಬಿಟ್ಟು ಏಳುತ್ತಿದ್ದಳು. ಹುಬ್ಬು ಗಂಟಿಕ್ಕಿದರೆ ಹತ್ತಿರ ಬಂದು ನೋಡುತ್ತಿದ್ದಳು. ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನ ಅವಳು ಅವನ ಪ್ಯಾಂಟಿನ ಸೊಂಟ ಬಿಚ್ಚಿ ಹೊಲಿಯಲು ಕೂತಳು.

"ಅಕ್ಕಾ," ಒಳಗಿನಿಂದ ಕರೆದ. "ಆ ದೀಪ ಆರ್ಸೇ. ಕಣ್ಣಿಂದ ತಲೆವರೆಗೂ ಚುಚ್ತಿದೆ."

ಬೆಳಗಿನ ಹತ್ತು ಗಂಟೆ. ಮನೆಯಲ್ಲಿ ಯಾವ ದೀಪವೂ ಉರಿಯುತ್ತಿರಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಹಾಸಿಗೆಯ ಮೇಲಿದ್ದ ಹೊದಿಕೆ ಎಳೆದುಕೊಂಡು, ಹಿಮ್ಮಡಿ ಎತ್ತಿ ನಿಂತು, ಬಿಸಿಲಿಗೆ ಅಡ್ಡವಾಗಿ ಕಿಟಕಿಯ ಮೇಲಿನ ಎರಡು ಮೊಳೆಗಳಿಗೆ ಸಿಕ್ಕಿಸಿದಳು.

"ಆರ್ಸಿದೆ, ಮರಿ," ಎಂದಳು.