ಕಣ್ಣು ಬಿದ್ದ ಸ್ಫಟಿಕ

ಕೂಟಗಲ್ಲಿನ ಬೋರಲಿಂಗಯ್ಯನವರ ಮನೆಯಲ್ಲಿ ಮುದ್ದೆ ತೊಳಸುವುದು ಹಿರಿಸೊಸೆ ಪ್ರತಿಮಾ, ಪಾತ್ರೆ ಬೆಳಗುವುದು ಕಿರಿಸೊಸೆ ಲತಾಮಣಿ ಎಂದು ಯಾರೂ ಕೂತು ಹಂಚಿಕೊಟ್ಟಿರಲಿಲ್ಲ. ಹಾಗೆ ನಡೆದುಕೊಂಡು ಬಂದಿತ್ತು. ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ ಮಾತ್ರ ಇಬ್ಬರೂ ಜೊತೆಗಿರುತ್ತಿದ್ದರು, ಆಗ ಅವರ ನಗು ಬೀದಿಗೂ ಕೇಳುತ್ತಿತ್ತು. ಪ್ರತಿಮಾ ಮಾಗಡಿ ಕಡೆಯ ಕಲ್ಯದವಳು. ಹಿರಿಮಗ ಕೆಂಪರಾಜುವಿನ ಕೈಹಿಡಿದು ಬಂದ ಮೇಲೆ ಎರಡು ಸಲ ಬಸಿರಾಗಿದ್ದಳು. ಎರಡು ಸಲವೂ ಕೂಸು ಉಳಿಯಲಿಲ್ಲ. ಕನಕಪುರದಿಂದ ಬಂದ ಲತಾಮಣಿ ಕಿರಿಮಗ ಬಾಲರಾಜುವಿನ ಹೆಂಡತಿ. ಮದುವೆಯಾಗಿ ಮೂರು ವರ್ಷ ಕಳೆದರೂ ಅವಳ ಮಡಿಲೂ ತುಂಬಿರಲಿಲ್ಲ. ಆ ಒಂದು ಕೊರತೆಯೇ ವಾರಗಿತ್ತಿಯರನ್ನು ಅಕ್ಕತಂಗಿಯರ ಹಾಗೆ ಮಾಡಿತ್ತು.

ಅದನ್ನು ಕೆಡಿಸಿದ್ದು ಒಂದು ಬ್ರೇಸ್ಲೆಟ್.

ಚನ್ನಪಟ್ಟಣದಲ್ಲಿ ಒಬ್ಬ ಗುರೂಜಿ ಹರಳಿನ ಅಂಗಡಿ ತೆರೆದಿದ್ದ. ವ್ಯಾಪಾರಕ್ಕೊಂದು, ಕೋರ್ಟು ಕೇಸಿಗೊಂದು, ಸಂತಾನಕ್ಕೊಂದು ಕಲ್ಲು ಅವನಲ್ಲಿತ್ತು. ಅತ್ತೆ ಮಾಯಮ್ಮ ಯಾರೋ ನೆಂಟರ ಮಾತು ಕೇಳಿ ಬಾಲರಾಜುವಿನ ಗೂಡ್ಸ್ ಆಟೊದಲ್ಲಿ ಹೋಗಿ ಬಂದಳು. ತಂದದ್ದು ನೇರಳೆ ಬಣ್ಣದ ಸ್ಫಟಿಕದ ಮಣಿಗಳನ್ನು ಎಲಾಸ್ಟಿಕ್ ದಾರದಲ್ಲಿ ಪೋಣಿಸಿದ ಬ್ರೇಸ್ಲೆಟ್. ಒಂದು ಮನೆಗೆ ಒಂದೇ, ಎರಡಾದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ ಎಂದು ಗುರೂಜಿ ಹೇಳಿದ್ದನಂತೆ. ಮಾಯಮ್ಮ ಯೋಚಿಸುವುದಕ್ಕೂ ನಿಲ್ಲದೆ ಅದನ್ನು ಕಿರಿಸೊಸೆಯ ಕೈಗೆ ಹಾಕಿದಳು. ಪಕ್ಕದಲ್ಲೇ ನಿಂತಿದ್ದ ಪ್ರತಿಮಾಳನ್ನು ಸಮಾಧಾನಪಡಿಸುವವಳಂತೆ, “ನಿಂದು ಎಲ್ಡು ಸಲ ನೋಡಿದ್ದಾಯ್ತಲ್ಲವ್ವ. ಇವಳ್ದು ಇನ್ನೂ ಹೊಸಾ ಮೈ” ಎಂದಳು.

ಪ್ರತಿಮಾ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವತ್ತು ಮುದ್ದೆಯಲ್ಲಿ ಗಂಟಾಯಿತು. ಆ ಮನೆಯಲ್ಲಿ ಅವಳ ಕೈಯ ಮುದ್ದೆ ಗಂಟಾದದ್ದು ಅದೇ ಮೊದಲು.

ಆಮೇಲೆ ಶುರುವಾಯಿತು ಬ್ರೇಸ್ಲೆಟ್ಟಿನ ಆರೈಕೆ. ಸ್ಫಟಿಕಕ್ಕೆ ಸೋಪು ತಾಗಬಾರದು, ಆದ್ದರಿಂದ ಲತಾಮಣಿ ಪಾತ್ರೆ ತೊಳೆಯುವ ಹಾಗಿಲ್ಲ. ಎಣ್ಣೆ ತಾಗಬಾರದು, ಒಗ್ಗರಣೆ ಹಾಕುವ ಹಾಗಿಲ್ಲ. ಸಗಣಿ ಮುಟ್ಟಬಾರದು, ಕೊಟ್ಟಿಗೆ ಕೆಲಸವೂ ಇಲ್ಲ. ಸ್ನಾನಕ್ಕೆ ಮೊದಲು ಅದನ್ನು ಬಿಚ್ಚಿ ತಾಮ್ರದ ಬಟ್ಟಲಿನ ನೀರಿನಲ್ಲಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸೂರ್ಯನ ಶಕ್ತಿ ಹಿಡಿಯಲೆಂದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಮಧ್ಯಾಹ್ನದ ಹೊತ್ತಿಗೆ ಮತ್ತೆ ತೊಡಬೇಕು. ಬೇರೆ ಯಾರೂ ಮುಟ್ಟಕೂಡದು. ಲತಾಮಣಿ ಅದೆಲ್ಲವನ್ನೂ ಮಗುವನ್ನು ಮೀಯಿಸುವಷ್ಟು ಜೋಪಾನವಾಗಿ ಮಾಡುತ್ತಿದ್ದಳು. ಅವಳು ಬಿಟ್ಟ ಕೆಲಸವೆಲ್ಲ ಪ್ರತಿಮಾಳ ತಲೆಗೆ ಬಂತು.

ಕೆಲಸಕ್ಕೆ ಹೆದರುವ ಹೆಣ್ಣಲ್ಲ ಅವಳು. ಅವಳನ್ನು ಸುಟ್ಟದ್ದು ಆ ಮಣಿಕಟ್ಟು. ಊಟಕ್ಕೆ ಕೂತಾಗ, ಸೆರಗು ಸರಿಮಾಡಿಕೊಳ್ಳುವಾಗ, ಸುಮ್ಮನೆ ಕೂತಾಗಲೂ ನೇರಳೆ ಮಣಿಗಳು ಕಣ್ಣಿಗೆ ಕುಕ್ಕುತ್ತಿದ್ದವು. ಒಂದು ದಿನ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದವಳು ಅದನ್ನೆತ್ತಿ ತನ್ನ ಕೈಗೆ ಹಾಕಿಕೊಂಡಳು. ಬೂದಿ, ಸೋಪು ತಿಂದು ಒರಟಾದ ಅವಳ ಕೈಯ ಮೇಲೆ ತಿಳಿ ನೇರಳೆಯ ನೆರಳು ಬಿತ್ತು. ತನ್ನ ಕೈಯೂ ಇಷ್ಟು ಚೆಂದ ಕಾಣಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗ ಕಿತ್ತು ಅಲ್ಲೇ ಇಟ್ಟು ಕೆಳಗಿಳಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಲತಾಮಣಿ ಬಸಿರಾದಳು. ಮಾಯಮ್ಮ ಕಂಡಕಂಡವರಿಗೆಲ್ಲ ಬ್ರೇಸ್ಲೆಟ್ಟಿನ ಮಹಿಮೆ ಹೇಳಿದಳು. ಪ್ರತಿಮಾ ಲತಾಮಣಿಯ ತಲೆ ಸವರಿ ಚೆನ್ನಾಗಿರು ಅಂದಳು. ಕೊಟ್ಟಿಗೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆ ಬ್ರೇಸ್ಲೆಟ್ ತನಗೆ ಸಿಕ್ಕಿದ್ದರೆ ಎಂಬ ಒಂದೇ ಯೋಚನೆ ಹಗಲೆಲ್ಲ ಅವಳನ್ನು ಕೊರೆಯಿತು. ಆಸ್ಪತ್ರೆಯಿಂದ ತಂದ ಮಾತ್ರೆ, ಬಾಲರಾಜು ತರುತ್ತಿದ್ದ ಮೂಸಂಬಿ, ಮಾವ ಬೋರಲಿಂಗಯ್ಯ ಎಂದೂ ಇಲ್ಲದೆ ಕೇಳುತ್ತಿದ್ದ “ಉಂಡ್ಯೇನವ್ವ” ಎಂಬ ಮಾತು, ಒಂದೊಂದನ್ನೂ ಅವಳ ಮನಸ್ಸು ಗಮನಿಸಿ ಕಹಿಯಾಗುತ್ತಿತ್ತು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಗುತ್ತಿತ್ತು. ಆದರೂ ಹೊಟ್ಟೆಕಿಚ್ಚು ಹೇಳಿದ ಮಾತು ಕೇಳುವಂಥದ್ದಲ್ಲ.

ಬಿಸಿಲು ಏರುವ ತಿಂಗಳಲ್ಲಿ ಸ್ಫಟಿಕ ಬಣ್ಣ ಕಳೆದುಕೊಳ್ಳತೊಡಗಿತು. ನೇರಳೆ ಮಾಸಿ ಮಾಸಿ ಕಲಗಚ್ಚಿನ ಬಣ್ಣಕ್ಕೆ ಬಂತು. ಮಾಯಮ್ಮ ಓಡಿಹೋಗಿ ಗುರೂಜಿಯನ್ನು ಕೇಳಿದಳು. ಕಲ್ಲು ಬಣ್ಣಗೆಟ್ಟರೆ ಕೆಟ್ಟ ಕಣ್ಣು ಬಿದ್ದಿದೆಯೆಂದೇ ಅರ್ಥ, ಹೊರಗಿನ ಕಣ್ಣಾದರೆ ಇಷ್ಟು ಬೇಗ ಮಾಸುವುದಿಲ್ಲ, ಒಳಗಿನದೇ ಇರಬೇಕು ಎಂದು ಅವನು ಹೇಳಿ ಕಳಿಸಿದ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಂದಿನಿಂದ ಪ್ರತಿಮಾ ಲತಾಮಣಿಗೆ ಬಡಿಸುವಂತಿಲ್ಲ, ಎದುರು ಕೂತು ಉಣ್ಣುವಂತಿಲ್ಲ. ಅವಳು ಹಾದುಹೋದ ಜಾಗದಲ್ಲಿ ಮಾಯಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಂದರೂ ಬರದಿದ್ದರೂ ಅದು ಪ್ರತಿಮಾಳ ಕಣ್ಣಿಗೇ ಸಾಕ್ಷಿಯಾಗುತ್ತಿತ್ತು. ಕೆಂಪರಾಜು ಎಲ್ಲವನ್ನೂ ನೋಡಿ, ಹೆರಿಗೆಯೊಂದು ಆಗಲಿ, ಸುಮ್ಮನಿದ್ದುಬಿಡು ಎಂದ. ಎಲ್ಲಕ್ಕಿಂತ ಘೋರವೆಂದರೆ ಪ್ರತಿಮಾ ತಾನೂ ನಂಬತೊಡಗಿದಳು. ಹೊಟ್ಟೆಯುರಿದದ್ದು ನಿಜ, ಮುಟ್ಟಬಾರದ್ದನ್ನು ಮುಟ್ಟಿದ್ದೂ ನಿಜ. ತನ್ನ ಕಣ್ಣಲ್ಲಿ ಏನೋ ಇರಬೇಕು ಎಂದುಕೊಂಡು ತಲೆ ತಗ್ಗಿಸಿ ಓಡಾಡಿದಳು.

ಇತ್ತ ಲತಾಮಣಿಯ ಕಾಲು ಬಾತುಕೊಂಡಿತು, ಮುಖ ಊದಿತು, ತಲೆನೋವು ಬಿಡದಾಯಿತು. ಬಿ.ಪಿ. ನೋಡಿಸಲು ಬನ್ನಿ ಎಂದು ಆಶಾ ಕಾರ್ಯಕರ್ತೆ ಮನೆಗೇ ಬಂದು ಕರೆದಳು. ಆಸ್ಪತ್ರೆಯಲ್ಲಿ ನೂರು ಜನರ ಕಣ್ಣು, ಕಲ್ಲಿಗೆ ಬಣ್ಣ ತಿರುಗಿದ ಮೇಲೆ ಕಳಿಸುತ್ತೇನೆ ಎಂದು ಮಾಯಮ್ಮ ಬಾಗಿಲಲ್ಲೇ ಹೇಳಿ ಸಾಗಹಾಕಿದಳು. ನೋವೆಲ್ಲ ದೃಷ್ಟಿಯದು, ಮಾತ್ರೆ ಅದಕ್ಕೇನು ಮಾಡೀತು ಎಂಬುದು ಅವಳ ವಾದ. ಬಣ್ಣ ಮರಳಲೆಂದು ಬ್ರೇಸ್ಲೆಟ್ಟನ್ನು ಇನ್ನೂ ಹೆಚ್ಚು ಹೊತ್ತು ಬಿಸಿಲಲ್ಲಿಟ್ಟರು. ಅದು ಇನ್ನೂ ಹೆಚ್ಚು ಮಾಸಿತು.

ಒಂದು ಬೆಳಗ್ಗೆ ಹಜಾರದಲ್ಲಿ ಕೂತಿದ್ದ ಲತಾಮಣಿಯ ಬಾತ ಮಣಿಕಟ್ಟಿನಲ್ಲಿ ದಾರ ತುಂಡಾಗಿ ಮಣಿಗಳು ನೆಲದ ತುಂಬ ಚೆಲ್ಲಿದವು. ಮಾಯಮ್ಮನ ಕೂಗಿಗೆ ಮನೆಯವರೆಲ್ಲ ಸೇರಿದರು. ಅವಳು ದೀಪ ಹಚ್ಚಿ ತಂದು ನಡುವೆ ಇಟ್ಟಳು. ಪ್ರತಿಮಾ ದೀಪ ಮುಟ್ಟಿ ತನ್ನ ಕಣ್ಣು ಬಿದ್ದದ್ದನ್ನು ಒಪ್ಪಿಕೊಂಡು, ಹೆರಿಗೆಯಾಗುವವರೆಗೆ ತವರು ಕಲ್ಯಕ್ಕೆ ಹೋಗಿಬಿಡಬೇಕು; ಗುರೂಜಿ ಹೇಳಿದ ಪರಿಹಾರ ಅದು. ಬೋರಲಿಂಗಯ್ಯ ಗೋಡೆ ನೋಡುತ್ತ ಕೂತರು. ಕೆಂಪರಾಜು ಹೆಂಡತಿಯ ಹತ್ತಿರ ಬಂದು ಮೆಲ್ಲಗೆ, “ಒಂದ್ ಮಾತು ಹೇಳ್ಬುಡು. ಮುಗ್ದೋಯ್ತದೆ” ಎಂದ.

ಪ್ರತಿಮಾ ದೀಪದ ಮುಂದೆ ಬಂದು ಕೂತಳು. ಒಪ್ಪಿಕೊಳ್ಳಬೇಕೆಂದೇ ಕೂತದ್ದು. ಆಗ ಎಷ್ಟೋ ದಿನಗಳ ಮೇಲೆ ಮೊದಲ ಸಲ ಲತಾಮಣಿಯ ಮುಖವನ್ನು ನೆಟ್ಟಗೆ ನೋಡಿದಳು. ಹಣೆ ಹಿಡಿದುಕೊಂಡು ಕೂತಿದ್ದ ಲತಾಮಣಿ, “ಅಕ್ಕ, ನಿನ್ ಮುಖ ಎಲ್ಡಾಗಿ ಕಾಣ್ತೈತೆ ಕಣಕ್ಕ. ಕಣ್ಮುಂದೆ ಮಿಂಚು ಮಿಂಚು ಬತ್ತೈತೆ” ಎಂದಳು.

ತನ್ನ ಎರಡನೆಯ ಬಸಿರು ಹೋದಾಗ ಡಾಕ್ಟರಮ್ಮ ಮಂಚದ ಪಕ್ಕ ನಿಂತು ಬೈದದ್ದು ಪ್ರತಿಮಾಳಿಗೆ ನೆನಪಾಯಿತು. ತಲೆನೋವು ಬಂದು ಕಣ್ಣು ಮಂಜಾದರೆ ಒಂದು ಗಳಿಗೆಯೂ ಮನೆಯಲ್ಲಿರಬಾರದಿತ್ತು ಎಂದಿದ್ದಳು ಆಕೆ. ಪ್ರತಿಮಾ ಎದ್ದು ನಿಂತಳು.

“ಹೌದು ಅತ್ತೆ, ಹೊಟ್ಟೆಕಿಚ್ಚು ಪಟ್ಟಿದ್ದೀನಿ. ಆ ಬ್ರೇಸ್ಲೆಟ್ ನಂಗ್ಯಾಕೆ ಹಾಕ್ಲಿಲ್ಲ ಅಂತ ಉರ್ಕೊಂಡಿದ್ದೀನಿ. ಕದ್ದು ಕೈಗೂ ಹಾಕ್ಕೊಂಡಿದ್ದೀನಿ. ಅದು ನನ್ ಸಂಕಟ, ನನ್ನೊಳಗೇ ಐತೆ. ಅದ್ರಿಂದ ಇವಳ ಕಾಲು ಊದಲ್ಲ. ಮಾಳ್ಗೆ ಮೇಲೆ ಬಿಸಿಲಲ್ಲಿಟ್ಟ ನೀಲಿ ಕುರ್ಚಿನೂ ಬೆಳ್ಳಗಾಗೈತೆ, ಅದ್ರ ಮೇಲೆ ಯಾರ ಕಣ್ಣು ಬಿತ್ತು? ಬಾಲು, ಆಟೊ ತೆಗಿ.”

ಮಾಯಮ್ಮ ಬಾಗಿಲಿಗೆ ಅಡ್ಡ ನಿಂತು, ಇವಳ ಕೈ ಹಿಡಿದು ಬಸುರಿ ಹೊಸಿಲು ದಾಟಿದರೆ ನಾನು ಮನುಷ್ಯಳಲ್ಲ ಎಂದಳು. ಬಾಲರಾಜು ತಾಯಿಯನ್ನೂ ಅತ್ತಿಗೆಯನ್ನೂ ನೋಡುತ್ತ ಒಂದು ಗಳಿಗೆ ನಿಂತ. ಆಮೇಲೆ ಕೀ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಓಡಿದ. ಪ್ರತಿಮಾ ಲತಾಮಣಿಯ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಅದೇ ಬಾಗಿಲಿನಿಂದ ನಡೆಸಿಕೊಂಡು ಹೋದಳು.

ದಾರಿಯಲ್ಲೇ ಲತಾಮಣಿಗೆ ಫಿಟ್ಸ್ ಬಂತು. ಆಟೊದ ಹಿಂದೆ, ಸೊಪ್ಪಿನ ಚೀಲಗಳ ಮೇಲೆ, ಪ್ರತಿಮಾ ಅವಳ ತಲೆಯನ್ನು ತೊಡೆಗೆ ಒತ್ತಿಹಿಡಿದುಕೊಂಡು ಕೂತಿದ್ದಳು. ರಾಮನಗರದ ದೊಡ್ಡಾಸ್ಪತ್ರೆಯಲ್ಲಿ ಕೂಡಲೇ ಆಪರೇಷನ್ ಮಾಡಿದರು. ತಾಯಿ ಉಳಿದಳು. ಹೆಣ್ಣುಮಗು ಉಳಿಯಲಿಲ್ಲ. ಒಂದು ವಾರ ಮೊದಲು ಬಂದು ಬಿ.ಪಿ.ಗೆ ಮಾತ್ರೆ ನುಂಗಿದ್ದರೆ ಇಬ್ಬರೂ ಉಳಿಯುತ್ತಿದ್ದರು ಎಂದು ಡಾಕ್ಟರು ಬಾಲರಾಜುವಿಗೆ ಹೇಳಿ, ಬೇರೆ ಹೆರಿಗೆಗೆ ಹೋದರು. ಬಟ್ಟೆಯಲ್ಲಿ ಸುತ್ತಿದ ಆ ಕೂಸನ್ನು ಮೊದಲು ಎತ್ತಿಕೊಂಡವಳು ಪ್ರತಿಮಾ. ಅಸೂಯೆ ಪಟ್ಟು ಪಟ್ಟು ಅವಳು ಕನಸಿನಲ್ಲಿ ಎಷ್ಟೋ ಸಲ ಎತ್ತಿಕೊಂಡಿದ್ದ ಕೂಸು ಅದು. ತೂಕವೇ ಇರಲಿಲ್ಲ.

ಮೂರನೆಯ ದಿನ ಲತಾಮಣಿ ಸರಿಯಾಗಿ ಮಾತಾಡುವಂತಾದಳು. ಮಾಯಮ್ಮ ಮಂಚದ ಪಕ್ಕ ಕೂತು ಅಳುತ್ತಿದ್ದಳು. ಅವಳ ದುಃಖ ಸುಳ್ಳಲ್ಲ; ಮೊಮ್ಮಗುವಿಗಾಗಿ ಅವಳಷ್ಟು ಹಂಬಲಿಸಿದವರು ಆ ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಆದರೆ ಬಾಗಿಲಲ್ಲಿ ಗಂಜಿ ಹಿಡಿದು ನಿಂತ ಪ್ರತಿಮಾಳನ್ನು ಕಂಡೊಡನೆ ಅವಳ ಮುಖ ಗಟ್ಟಿಯಾಯಿತು. “ತಣ್ಣಗಾಯ್ತೇನವ್ವ ನಿನ್ ಹೊಟ್ಟೆ” ಎಂದಳು.

ಲತಾಮಣಿ ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ಅತ್ತೆ, ನಂಗೂ ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು. ಮಾವ ಅವಳ ಕೈ ಮುದ್ದೆನೇ ಬೇಕಂತಾರೆ, ಬೀದಿಯೋರೆಲ್ಲ ಅವಳ ಬುದ್ಧಿ ಹೊಗಳ್ತಾರೆ. ಬಂದಾಗ್ಲಿಂದ ಉರ್ಕೊಂಡಿದ್ದೀನಿ. ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಅಕ್ಕ ಇಷ್ಟೊತ್ತಿಗೆ ಬದುಕಿರ್ಬಾರ್ದಾಗಿತ್ತು. ನನ್ ಮಗೀನ ಕೊಂದಿದ್ದು ಕಣ್ಣಲ್ಲ. ಆಸ್ಪತ್ರೆಗೆ ಕಳಿಸ್ನಿಲ್ಲ ನೀವು. ನಾನೂ ಬಾಯ್ಮುಚ್ಕೊಂಡು ಕೂತೆ.”

ಆ ಮಾತು ಮಾಯಮ್ಮನನ್ನು ಬದಲಿಸಿತು ಎಂದು ಹೇಳಿದರೆ ಸುಳ್ಳಾದೀತು. ಒಂದು ನಂಬಿಕೆ ಬಿಟ್ಟುಹೋಗಲು ಒಂದು ಕೂಸಿನ ಸಾವೂ ಸಾಲದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಗುರೂಜಿಯ ಅಂಗಡಿಯ ಮುಂದೆ ಇಂದಿಗೂ ಜನ ನಿಲ್ಲುತ್ತಾರೆ. ಬದಲಾದವರು ವಾರಗಿತ್ತಿಯರಿಬ್ಬರೇ. ಮನೆಗೆ ಮರಳಿದ ದಿನದಿಂದ ಅವರು ಒಟ್ಟಿಗೆ ಕೂತು ಉಂಡರು. ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಲತಾಮಣಿ ಮತ್ತೆ ಬಸಿರಾದಳು. ತಪಾಸಣೆಗೆ ಹೊರಟ ಬೆಳಗ್ಗೆ ಮಾಯಮ್ಮ, ಹೋಗುವುದಾದರೆ ಹೋಗು, ಅವಳನ್ನು ಜೊತೆಗೆ ಕರೆದುಕೊಂಡು ಹೋಗಬೇಡ ಎಂದಳು. ಅಕ್ಕ ಬಂದರೇ ತಾನು ಹೋಗುವುದು ಎಂದು ಲತಾಮಣಿ ಚಪ್ಪಲಿ ಮೆಟ್ಟಿದಳು. ಕೆಂಪರಾಜು ಈ ಸಲ ಹೆಂಡತಿಗೆ ಸುಮ್ಮನಿರು ಎನ್ನದೆ ತಾಯಿಯನ್ನು ಒಳಗೆ ಕರೆದೊಯ್ದ.

ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಬಸುರಿಯರು ಕೂತಿದ್ದರು. ಪ್ರತಿಮಾಳ ಎದೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಅವಳು ಅದನ್ನು ಅಡಗಿಸಲು ಹೋಗಲಿಲ್ಲ.

“ಇವತ್ತೂ ಒಸಿ ಉರೀತೈತೆ ಕಣೆ” ಎಂದಳು.

“ಉರೀಲಿ ಬುಡಕ್ಕ. ನಂಗೇನೂ ಆಗಲ್ಲ” ಎಂದು ಲತಾಮಣಿ ಅವಳ ಹೆಗಲಿಗೆ ತಲೆಯಿಟ್ಟಳು.

ಒಳಗಿನಿಂದ ನರ್ಸು ಲತಾಮಣಿಯ ಹೆಸರು ಕೂಗಿ, ಜೊತೆಗೆ ಯಾರು ಬಂದಿದ್ದೀರಿ ಎಂದು ಕೇಳಿದಳು.

“ನಾನು ಬಂದಿದ್ದೀನಿ” ಎಂದು ಪ್ರತಿಮಾ ಎದ್ದಳು.