ಬಾರಿ ಎಲೆಯ ನೀರು

ಹಂಡೆಯ ನೀರಿಗೆ ಸುಲ್ತಾನಬಿ ಇನ್ನೊಂದು ಹಿಡಿ ಬಾರಿ ಹಣ್ಣಿನ ಗಿಡದ ಎಲೆ ಹಾಕಿದಳು. ನೀರು ಆಗಲೇ ಕುದ್ದಿತ್ತು. ಆದರೂ ಕಟ್ಟಿಗೆ ಇನ್ನಷ್ಟು ಒಲೆಯೊಳಗೆ ನೂಕಿದಳು. ನೀರು ಒಲೆಯ ಮೇಲಿರುವತನಕ ಪರದೆಯ ಆಚೆ ಹೋಗುವ ಮಾತಿಲ್ಲ. ಹಬೆ ಅಂಗಳವನ್ನೆಲ್ಲ ತುಂಬಿ, ನಿಂಬೆ ಗಿಡವೂ ಗೋಡೆಯೂ ನೆಲ ಬಿಟ್ಟು ತೇಲಿದಂತೆ ಕಾಣುತ್ತಿದ್ದವು.

ಪರದೆಯ ಆಚೆ ಹಲಗೆಯ ಮೇಲೆ ಜೈತುನಬಿ ಮಲಗಿದ್ದಳು. ಇಂಡಿ ಊರಿನ ಆ ಓಣಿಯಲ್ಲಿ ತೀರಿಕೊಂಡ ಹೆಂಗಸರಿಗೆಲ್ಲ ಕೊನೆಯ ಸ್ನಾನ ಮಾಡಿಸುತ್ತಿದ್ದವಳು ಅವಳೇ. ಈಗ ಅವಳಿಗೆ ಮಾಡಿಸಲು ಬಂದವರು ಗೋಡೆಗೆ ಆತು ಕೂತಿದ್ದರು. ಹೊತ್ತು ಇಳಿಯುವ ಮುಂಚೆ ಮಣ್ಣಾಗಬೇಕೆಂದು ಗಂಡಸರು ಹೊರಗಿನಿಂದ ಹೇಳಿ ಕಳಿಸಿದರು. ಮಗಳು ಸಿದ್ದೀಕಾ ಒಬ್ಬೊಬ್ಬರ ಮುಖ ನೋಡಿದಳು. ಒಬ್ಬಳ ಕೈಯಿಂದ ಆಗುವ ಕೆಲಸವಲ್ಲ ಅದು.

"ಆಕಿ ರಕ್ತದಾಗ ಕಾಮಣಿ ಇತ್ತಲ್ಲವಾ," ಎಂದಳು ಸುಲ್ತಾನಬಿ, ಉರಿಯನ್ನೇ ನೋಡುತ್ತ. "ನಮ್ಮ ಮನ್ಯಾಗ ಸಣ್ಣ ಹುಡುಗರದಾವ."

ನರ್ಸ್ ರಂಜನಾ ಕೈಗವಸಿನ ಡಬ್ಬಿ ಇಟ್ಟು, ಅದು ರಕ್ತದಿಂದ ಹತ್ತುವ ಕಾಮಾಲೆ, ಇವನ್ನು ಹಾಕಿಕೊಂಡರೆ ಭಯವಿಲ್ಲವೆಂದು ಹೇಳಿ ಹೋಗಿದ್ದಳು. ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ.

*

ಹಿಂದಿನ ವರ್ಷ ನಿಂಬೆ ಹೂ ಬಿಟ್ಟಾಗ ಶಾಲೆಯಲ್ಲಿ ರಕ್ತ ತಪಾಸಣೆ ನಡೆದಿತ್ತು. ಅದು ಲಾರಿಯವರ ರೋಗ, ನಮ್ಮಂಥವರದಲ್ಲ ಎನ್ನುತ್ತಲೇ ಜನ ಸಾಲು ಹಚ್ಚಿದರು. ಬಸುರಿಯರು, ಮಾಸ್ತರರು, ತೋಟದವರು, ಅಂಗಡಿಯವರು ಎಲ್ಲರೂ ರಂಜನಾಳ ಒಂದೇ ಕುರ್ಚಿಯಲ್ಲಿ ಕೂತು ಎದ್ದರು. ಎಲ್ಲ ಓಣಿಯಲ್ಲೂ ಒಬ್ಬಿಬ್ಬರ ರಕ್ತದಲ್ಲಿ ರೋಗ ಸಿಕ್ಕಿತೆಂದಳು ರಂಜನಾ, ಹೆಸರು ಹೇಳಲಿಲ್ಲ.

ಜೈತುನಬಿ ಮಾತ್ರ ತನಗಿರುವುದನ್ನು ತಾನೇ ನಳದ ಹತ್ತಿರ ನಿಂತು ಎಲ್ಲರಿಗೂ ಹೇಳಿದಳು. ಅಂದಿನಿಂದ ಅವಳ ಚಹಾಕ್ಕೆ ಬೇರೆ ಕಪ್ಪು ಬಂತು. ಆಮೇಲೆ ಒಂದು ಮನೆಯವರು, ತೀರಿಕೊಂಡ ತಮ್ಮ ಮುದುಕಿಗೆ ಇವಳ ರೋಗ ಹತ್ತೀತೆಂದು, ಸ್ನಾನಕ್ಕೆ ಬೇರೆಯವರನ್ನು ಕರೆಸಿದರು.

"ಸತ್ತಾಕಿಗೆ ನನ್ನಿಂದ ಏನ್ ಹತ್ತತೈತ್ರಿ ಬಾಯಾರ? ಮತ್ತೊಮ್ಮಿ ಸಾಯ್ತಾಳೇನು?" ಎಂದು ಜೈತುನಬಿ ನಕ್ಕಿದ್ದಳು.

ಆ ಮಾತು ಕೇಳುತ್ತ ಎದುರಿಗೆ ಕೂತಿದ್ದ ಬಾಜು ಮನೆಯ ರುಕ್ಮಿಣೀಬಾಯಿ, ಆ ಓಣಿಗೆಲ್ಲ ಅಕ್ಷರ ಕಲಿಸಿದ ವೈಷ್ಣವರ ಮುದುಕಿ, ನಗಲಿಲ್ಲ. ಅವಳ ಕೈಯನ್ನು ಜೈತುನಬಿ ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದಳು.

*

ಆ ರುಕ್ಮಿಣೀಬಾಯಿಯೇ ಈಗ ಹಬೆಯೊಳಗಿಂದ ಬಂದು, ಕರ್ಪೂರದ ಪೊಟ್ಟಣವನ್ನು ಸಿದ್ದೀಕಾಳ ಕೈಗಿತ್ತು ಮೆಟ್ಟಿಲ ಮೇಲೆ ಕೂತಳು.

"ಸುಲ್ತಾನಾ, ನಿನ್ನೆ ನಮ್ಮನ್ಯಾಗ ಚಹಾ ಕುಡದಿ?"

"ಕುಡದೇನ್ರಿ ಬಾಯಾರ."

"ಆ ಕಾಮಣಿ ನನಗೂ ಐತಿ. ಇಬ್ಬರೂ ಕೂಡೇ ರಂಜನಾನ ಕಡೆ ಕೇಳ್ಕೊಂಡು ಬಂದಿದ್ವಿ. ಆಕಿ ತನ್ನದು ಹೇಳಿದ್ಲು, ನಂದು ಯಾರಿಗೂ ಹೇಳದ ನುಂಗಿದ್ಲು."

ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು. ಸುಲ್ತಾನಬಿ ಮುದುಕಿಯ ಕೊರಳಿನ ತುಳಸಿ ಮಣಿ ನೋಡಿದಳು, ಕೈ ನೋಡಿದಳು.

"ನಿಮಗ ಹೆಂಗ್ರಿ?"

"ಯಾರಿಗ್ಗೊತ್ತು. ಹಿಂದಕ, ನಮ್ಮ ಹರೇದಾಗ, ಒಂದ ಸೂಜೀಲೆ ಓಣಿಗೆಲ್ಲ ಚುಚ್ಚತಿದ್ರು. ಚಹಾದಿಂದ ಹತ್ತೂದಿಲ್ಲ, ಅಂಜಬ್ಯಾಡ."

ಹಂಡೆಯ ನೀರು ಕುದಿಯುತ್ತಲೇ ಇತ್ತು. ಸುಲ್ತಾನಬಿ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಡಬ್ಬಿ ತೆರೆದು, ಕೈಗವಸಿನೊಳಗೆ ಒಂದೊಂದೇ ಬೆರಳು ತೂರಿಸಿ, ಪರದೆ ಎತ್ತಿ ಒಳಗೆ ಹೋದಳು. ಉಳಿದವರೂ ಎದ್ದರು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ದನಿ ಬಂತು: "ಎಡಕ್ಕ ಹೊರಳಸ್ ಸಿದ್ದೀಕಾ. ಸಾವಕಾಶ. ನಿಮ್ಮವ್ವ ಹಿಂಗ ಹೇಳತಿದ್ಲು."

ಪರದೆಯ ಕೆಳಗಿನಿಂದ ಸ್ನಾನದ ನೀರು ಎಲೆಗಳನ್ನು ತೇಲಿಸುತ್ತ, ನಿಂಬೆ ಗಿಡದ ಪಾತಿಯ ಕಡೆಗೆ ಹೊರಟಿತು. ದಾರಿಯಲ್ಲಿ ಮೆಟ್ಟಿಲು ಸಿಕ್ಕಿತು. ಸೂತಕದ ಮನೆಯ ಹನಿ ನೀರು ಸಿಡಿದರೂ ಮೈಲಿಗೆಯೆಂದು ತಲೆಗೆ ಸ್ನಾನ ಮಾಡುವ ರುಕ್ಮಿಣೀಬಾಯಿ ಅದು ಬರುವುದನ್ನೇ ನೋಡುತ್ತಿದ್ದಳು. ಬೆಚ್ಚನೆಯ ನೀರು ಬರಿಗಾಲನ್ನು ಸುತ್ತಿಕೊಂಡು ಹರಿಯಿತು. ಒಂದು ಬಾರಿ ಎಲೆ ಹೆಬ್ಬೆರಳಿಗೆ ಅಂಟಿ ಅಲ್ಲೇ ನಿಂತಿತು.

ಅವಳು ಕಾಲು ತೆಗೆಯಲಿಲ್ಲ.